ಪಾರ್ಟಿಕ್‌ನ ಅಜ್ಜಿ ಹೇಳಿದ ‘ನಾವು’

ಓದಲೆಂದು ಸ್ಕಾಟ್‌ಲೆಂಡಿನ ಗ್ಲಾಸ್ಗೋಗೆ ಹೋಗಿ ಎರಡು ವಾರವಾಗಿತ್ತು. 2012ರ ಸೆಪ್ಟೆಂಬರ್ ತಿಂಗಳು. ಪಾರ್ಟಿಕ್ ಎಂಬ ಬಡಾವಣೆಯಲ್ಲಿ, ಮಳೆಗೆ ನೆನೆದು ನೆನೆದು ಕಪ್ಪಿಟ್ಟ ಕೆಂಪುಕಲ್ಲಿನ ಹಳೆಯ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಒಬ್ಬರೇ ವಾಸವಾಗಿದ್ದ ಅಜ್ಜಿಯ ಮನೆಯಲ್ಲಿ ಕೋಣೆ ಹಿಡಿದಿದ್ದೆ. ಅಡುಗೆಮನೆಯ ಕಿಟಕಿಯ ಪಕ್ಕ ನಿಂತರೆ ಮಾತ್ರ ಮೊಬೈಲಿಗೆ ಸಿಗ್ನಲ್ ಸಿಗುತ್ತಿತ್ತು. ಅಲ್ಲಿ ನಿಂತು ಪಾಂಡವಪುರದಲ್ಲಿದ್ದ ಅಮ್ಮನ ಜೊತೆ ಮಾತನಾಡುತ್ತಿದ್ದೆ. ಮನೆಯ ಯಜಮಾನಿ ಹೇಗೆ, ಒಳ್ಳೆಯವರೇ ಎಂದು ಅಮ್ಮ ಕೇಳಿದರು. ‘ತುಂಬ ಒಳ್ಳೆಯವರಮ್ಮ. ವಯಸ್ಸಾದ ಇಂಗ್ಲಿಷ್ ಹೆಂಗಸು. ಮನೆಮಗಳ ಹಾಗೆ ನೋಡಿಕೊಳ್ಳುತ್ತಾರೆ’ ಎಂದೆ. ಅಜ್ಜಿ ಪಕ್ಕದಲ್ಲೇ ಆಲೂಗೆಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಮಾತು ಮುಗಿದ ಮೇಲೆ ಚಾಕು ಕೆಳಗಿಟ್ಟು, ‘ನೀನು ಆಡಿದ ಇಷ್ಟೊಂದು ಮಾತಿನಲ್ಲಿ ನನಗೆ ತಿಳಿದದ್ದು ಒಂದೇ ಪದ. ಯಾರು ಇಂಗ್ಲಿಷ್?’ ಎಂದು ಕೇಳಿದರು. ನೀವೇ ಎಂದೆ. ‘ನಾನಲ್ಲ, ಹೆನ್’ ಎಂದರು. ಗ್ಲಾಸ್ಗೋದಲ್ಲಿ ಹೆಣ್ಣುಮಕ್ಕಳನ್ನು ಅಕ್ಕರೆಯಿಂದ ಹೆನ್ ಎಂದು ಕರೆಯುತ್ತಾರೆ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ತಪ್ಪಿ ಬಂದವರಿಗೆ ಪಕ್ಕದ ಮನೆ ತೋರಿಸುವವರ ದನಿ ಅದು.

ಆಮೇಲೆ ಕೇಳಿದರು, ‘ನಿಮ್ಮ ಭಾಷೆಯಲ್ಲಿ ನಮ್ಮನ್ನು ಏನೆಂದು ಕರೆಯುತ್ತೀರಿ?’

ನಾನು ಹುಡುಕಿದೆ. ಆಂಗ್ಲರು, ಇಂಗ್ಲಿಷರು, ಬ್ರಿಟಿಷರು, ಪರಂಗಿಗಳು, ಬಿಳಿಯರು, ದೊರೆಗಳು. ಯಾವುದೂ ಅವರದಲ್ಲ. ಸ್ಕಾಟಿಷ್ ಎಂಬುದು ನಾವು ಪತ್ರಿಕೆಯಲ್ಲಿ ಕನ್ನಡ ಅಕ್ಷರದಲ್ಲಿ ಬರೆಯುವ ಅವರದೇ ಪದ. ನಮ್ಮ ಅಜ್ಜಿಯರ ಬಾಯಲ್ಲಿ ನಾನು ಅದನ್ನು ಎಂದೂ ಕೇಳಿರಲಿಲ್ಲ. ನಮ್ಮಲ್ಲಿ ನಿಮಗೆ ಬೇರೆ ಹೆಸರಿಲ್ಲ ಎಂದು ಒಪ್ಪಿಕೊಂಡೆ. ಅವರಿಗೆ ನಿಜಕ್ಕೂ ಆಶ್ಚರ್ಯವಾಯಿತು. ‘ನಾವು ಅಲ್ಲಿ ಇನ್ನೂರು ವರ್ಷ ಇದ್ದೆವಲ್ಲ! ಒಂದು ಹೆಸರನ್ನೂ ಇಡಲಿಲ್ಲವೇ?’

ಆ ‘ನಾವು’ ಅಂದಿನಿಂದ ನನ್ನ ಜೊತೆಗಿದೆ. ನಾನು ಇಂಗ್ಲಿಷ್ ಅಲ್ಲ ಎಂದ ಉಸಿರು ಆರುವ ಮೊದಲೇ ನಾವು ಇಂಡಿಯಾದಲ್ಲಿದ್ದೆವು ಎಂದರಲ್ಲ, ಆ ನಾವು ಯಾರು? ಸ್ಕಾಟರೇ? ಬ್ರಿಟಿಷರೇ? ಅವರಿಗೆ ಅದು ಯೋಚಿಸಿ ಆಡಿದ ಮಾತಾಗಿರಲಿಲ್ಲ. ಅದಕ್ಕೇ ನನಗೆ ಅದು ಮುಖ್ಯವೆನಿಸಿತು.

ನಮ್ಮೂರು ಕಂಡ ಇಂಗ್ಲಿಷರು

ಹೈದರ್ ಮತ್ತು ಟಿಪ್ಪುವಿನ ಕಡೆಯ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಪಾಂಡವಪುರಕ್ಕೆ ಹಿಂದೆ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು. ಫ್ರೆಂಚರು ಬೇರೆ, ಇಂಗ್ಲಿಷರು ಬೇರೆ ಎಂಬುದು ನಮ್ಮ ಕಡೆಯವರಿಗೆ ಹೊಸ ವಿಷಯವೇನಲ್ಲ. ಬಿಳಿ ಚರ್ಮದವರೆಲ್ಲ ಒಂದೇ ಎಂದು ನಾವು ಎಣಿಸಿರಲಿಲ್ಲ. ಆದರೆ ಎದುರು ಪಾಳೆಯದ ಒಳಗೆ ಎಷ್ಟು ಬಗೆಯವರಿದ್ದರು ಎಂದು ನೋಡುವ ಗೋಜಿಗೆ ಯಾರೂ ಹೋಗಲಿಲ್ಲ. ಗುಂಡು ಹಾರಿಸುತ್ತಿರುವವನ ತವರು ಯಾವುದೆಂದು ವಿಚಾರಿಸುವ ಅಗತ್ಯ ಕೋಟೆಯ ಒಳಗಿದ್ದವರಿಗೆ ಇರಲಿಲ್ಲ, ಅದು ಸಹಜ. ಆ ಅಗತ್ಯ ಬಂದದ್ದು ನಮಗೆ, ನಂತರ ಇತಿಹಾಸ ಬರೆದವರಿಗೆ ಮತ್ತು ಓದಿದವರಿಗೆ. ನಾವೂ ಕೇಳಲಿಲ್ಲ.

ಪ್ರಾಥಮಿಕ ಶಾಲೆಯಲ್ಲಿ ನಮ್ಮನ್ನು ಶ್ರೀರಂಗಪಟ್ಟಣಕ್ಕೆ ಕರೆದೊಯ್ದಿದ್ದರು. ಕರ್ನಲ್ ಬೇಲಿಯ ಬಂದೀಖಾನೆಯೊಳಗೆ ಇಳಿದಾಗ ಆದ ತಂಪು ಇಂದಿಗೂ ನೆನಪಿದೆ. ಗೋಡೆಯಿಂದ ಹೊರಚಾಚಿದ ಕಲ್ಲಿನ ಹಲಗೆಗಳು, ಅವುಗಳಲ್ಲಿ ಸರಪಳಿ ತೂರಿಸುವ ತೂತುಗಳು. ಮೇಷ್ಟ್ರು ಒಬ್ಬ ಹುಡುಗನನ್ನು ಎರಡು ಹಲಗೆಗಳ ನಡುವೆ ನಿಲ್ಲಿಸಿ, ಎರಡೂ ಕೈ ಚಾಚಲು ಹೇಳಿ, ‘ಟಿಪ್ಪು ಇಂಗ್ಲಿಷ್ ಅಧಿಕಾರಿಗಳನ್ನು ಹೀಗೆ ಕಟ್ಟಿಹಾಕಿಸುತ್ತಿದ್ದ’ ಎಂದು ತೋರಿಸಿದರು. ಆಮೇಲೆ ನಾವೆಲ್ಲರೂ ಸರದಿಯ ಮೇಲೆ ನಿಂತು ಕೈ ಚಾಚಿದೆವು. ನನ್ನ ಕೈ ಹಲಗೆಯವರೆಗೆ ಮುಟ್ಟಲಿಲ್ಲ. ಈ ಇಂಗ್ಲಿಷರು ಬಹಳ ಉದ್ದನೆಯವರಿರಬೇಕು ಎಂದುಕೊಂಡೆ.

ಆ ಬಂದೀಖಾನೆಗೆ ಹೆಸರು ಕೊಟ್ಟ ವಿಲಿಯಂ ಬೇಲಿ ಸ್ಕಾಟ್‌ಲೆಂಡಿನ ಉತ್ತರದ ಇನ್ವರ್ನೆಸ್ ಸೀಮೆಯವನು. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನ ಸೇನೆಗೆ ಸೋತು ಸೆರೆಸಿಕ್ಕು, 1782ರಲ್ಲಿ ಶ್ರೀರಂಗಪಟ್ಟಣದಲ್ಲಿಯೇ ಸತ್ತ. ಅದೇ ಯುದ್ಧದಲ್ಲಿ ಸೆರೆಸಿಕ್ಕು ಮೂರೂವರೆ ವರ್ಷ ಇಲ್ಲಿ ಕಳೆದ ಡೇವಿಡ್ ಬೇರ್ಡ್ ಕೂಡ ಸ್ಕಾಟ್. 1799ರ ಮೇ 4ರಂದು ಕೋಟೆಗೆ ಲಗ್ಗೆಯಿಟ್ಟ ಪಡೆಯನ್ನು ಮುನ್ನಡೆಸಿದವನೂ ಅವನೇ. ಅಂದು ಕಾವೇರಿ ದಾಟಿ ಬಂದವರಲ್ಲಿ ಹೈಲ್ಯಾಂಡ್ ಎಂಬ ಸ್ಕಾಟ್‌ಲೆಂಡಿನ ಗುಡ್ಡಗಾಡು ಸೀಮೆಯ 73 ಮತ್ತು 74ನೇ ರೆಜಿಮೆಂಟುಗಳ ಸೈನಿಕರಿದ್ದರು, ಸ್ಕಾಚ್ ಬ್ರಿಗೇಡ್ ಎಂಬ ಇನ್ನೊಂದು ಪಡೆಯವರಿದ್ದರು. ಗೆದ್ದ ಮೇಲೆ ಪಟ್ಟಣದ ಅಧಿಕಾರ ಬೇರ್ಡ್‌ಗೆ ದಕ್ಕದೆ ಆರ್ಥರ್ ವೆಲ್ಲೆಸ್ಲಿಯ ಪಾಲಾಯಿತು. ಅವನು ಐರ್ಲೆಂಡಿನ ಡಬ್ಲಿನ್‌ನಲ್ಲಿ ಹುಟ್ಟಿದವನು. ನಮ್ಮ ಪಠ್ಯದಲ್ಲಿ ಮಾತ್ರ ಅದು ನಾಲ್ಕನೆಯ ಆಂಗ್ಲೋ–ಮೈಸೂರು ಯುದ್ಧ.

ಯುದ್ಧ ಮುಗಿದ ಮೇಲೆ ಬಂದವರನ್ನೂ ನೋಡಿ. ಮೈಸೂರು ಸೀಮೆಯನ್ನು ಅಳೆದು ನಕ್ಷೆ ಬರೆಸಿದ, ಊರೂರಿನ ಶಾಸನಗಳನ್ನು, ಕೈಫಿಯತ್ತುಗಳೆಂಬ ಸ್ಥಳೀಯ ಚರಿತ್ರೆಗಳನ್ನು ಸಂಗ್ರಹಿಸಿದ ಕಾಲಿನ್ ಮೆಕೆಂಜಿ ಹುಟ್ಟಿದ್ದು ಲೂಯಿಸ್ ದ್ವೀಪದ ಸ್ಟೋರ್ನೊವೇ ಎಂಬ ಊರಿನಲ್ಲಿ. ಇಂಗ್ಲಿಷಿಗೂ ಆ ದ್ವೀಪದ ಗೇಲಿಕ್ ನುಡಿಗೂ ಇರುವ ದೂರ ಕನ್ನಡಕ್ಕೂ ಹಿಂದಿಗೂ ಇರುವಷ್ಟಲ್ಲದಿದ್ದರೂ ಕೇಳುವ ಕಿವಿಗೆ ಅಷ್ಟೇ ದೂರ. 1800ರಲ್ಲಿ ಮದರಾಸಿನಿಂದ ಹೊರಟು ಮೈಸೂರು, ಕೆನರಾ ಸುತ್ತಿ ನಮ್ಮ ಗದ್ದೆ, ನೇಗಿಲು, ಬೆಲ್ಲದ ಗಾಣಗಳನ್ನೆಲ್ಲ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಪರ್ತ್‌ಶೈರ್‌ನ ಕ್ಯಾಲಂಡರ್‌ನವನು. ಇನ್ನು ಮಂತ್ರಾಲಯದ ಕಥೆಯ ಮನ್ರೋ ಸಾಹೇಬ. ಬೃಂದಾವನದೊಳಗಿನ ರಾಯರು ಕಲೆಕ್ಟರ್ ದೊರೆಗೆ ದರ್ಶನ ಕೊಟ್ಟು ಮಠದ ಜಮೀನಿನ ವಿಷಯ ಮಾತನಾಡಿದರು ಎಂಬ ಕಥೆಯನ್ನು ನಮ್ಮಜ್ಜಿ ಗುರುವಾರಗಳಂದು ಹೇಳುತ್ತಿದ್ದರು. ‘ಇಂಗ್ಲಿಷ್ ದೊರೆಗೂ ರಾಯರು ಒಲಿದರು’ ಎಂದು ಕೈಮುಗಿಯುತ್ತಿದ್ದರು. ಆ ಥಾಮಸ್ ಮನ್ರೋ ಹುಟ್ಟಿದ್ದು 1761ರಲ್ಲಿ, ಇದೇ ಗ್ಲಾಸ್ಗೋದಲ್ಲಿ. ಅವನ ತಂದೆ ಅಮೆರಿಕದ ವರ್ಜೀನಿಯಾದೊಡನೆ ವ್ಯಾಪಾರ ಮಾಡುತ್ತಿದ್ದ ವರ್ತಕ. ಅಲ್ಲಿ ಸ್ವಾತಂತ್ರ್ಯ ಯುದ್ಧ ಶುರುವಾಗಿ ವ್ಯಾಪಾರ ಮುಳುಗಿತು, ಮಗ ಕಂಪನಿಯ ಸೈನ್ಯ ಸೇರಿ ಮದರಾಸಿಗೆ ಬಂದ. ಗ್ಲಾಸ್ಗೋದ ನಡುಪೇಟೆಯಲ್ಲಿ ಇಂದಿಗೂ ವರ್ಜೀನಿಯಾ ಬೀದಿ ಇದೆ, ಜಮೈಕಾ ಬೀದಿ ಇದೆ. ಮೊದಲ ತಿಂಗಳಲ್ಲಿ ನಾನು ಆ ಹೆಸರುಗಳನ್ನು ಓದಿಕೊಂಡೇ ಬಸ್ ನಿಲ್ದಾಣಕ್ಕೆ ಹೋಗುತ್ತಿದ್ದೆ, ಅವು ಅಲ್ಲಿಗೆ ಹೇಗೆ ಬಂದವೆಂಬ ಯೋಚನೆ ಬರುತ್ತಿರಲಿಲ್ಲ.

(ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಕೂಡ ಇಂಗ್ಲೆಂಡಿನವನಲ್ಲ. ಐಲ್ ಆಫ್ ಮ್ಯಾನ್ ಎಂಬ ದ್ವೀಪದವನು. ಆ ದ್ವೀಪ ಇಂದಿಗೂ ಯುನೈಟೆಡ್ ಕಿಂಗ್‌ಡಂನ ಭಾಗವಲ್ಲ.)

ಉತ್ತರ ಬ್ರಿಟನ್

ಅಜ್ಜಿಯ ತಂದೆ ನಗರದ ಉತ್ತರಕ್ಕಿರುವ ಸ್ಪ್ರಿಂಗ್‌ಬರ್ನ್‌ನಲ್ಲಿ ರೈಲು ಎಂಜಿನ್ ಕಾರ್ಖಾನೆಯ ಕೆಲಸಗಾರರಾಗಿದ್ದರು. ಕಾರ್ಖಾನೆಯ ಹೆಸರು ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ. ಉತ್ತರ ಬ್ರಿಟನ್ ಎಂದರೆ ಸ್ಕಾಟ್‌ಲೆಂಡ್. 1707ರಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್‌ಲೆಂಡಿನ ಸಂಸತ್ತುಗಳು ಒಂದಾದ ಮೇಲೆ ಅನೇಕ ಸ್ಕಾಟರು ತಮ್ಮ ದೇಶವನ್ನು ತಾವೇ ಹಾಗೆ ಕರೆದುಕೊಂಡರು. ಪತ್ರದ ವಿಳಾಸದಲ್ಲಿ ಹಾಗೆ ಬರೆದರು, ರೈಲು ಕಂಪನಿಗೆ ಆ ಹೆಸರಿಟ್ಟರು. ಎಡಿನ್‌ಬರಾದ ರೈಲು ನಿಲ್ದಾಣದ ತಲೆಯ ಮೇಲೆ ಎದ್ದು ನಿಂತಿರುವ ದೊಡ್ಡ ಹೋಟೆಲಿಗೂ ನಾರ್ತ್ ಬ್ರಿಟಿಷ್ ಎಂದೇ ಹೆಸರಿತ್ತು. ರೈಲು ತಪ್ಪಬಾರದೆಂದು ಅದರ ಗಡಿಯಾರವನ್ನು ಇಂದಿಗೂ ಮೂರು ನಿಮಿಷ ಮುಂದಿಡುತ್ತಾರೆ. 1990ರ ದಶಕದ ಆರಂಭದಲ್ಲಿ ಹೋಟೆಲ್ ನವೀಕರಣಗೊಂಡು ಬಾಲ್ಮೊರಲ್ ಆಯಿತು. ಗಡಿಯಾರದ ಮೂರು ನಿಮಿಷ ಉಳಿದವು, ನಾರ್ತ್ ಬ್ರಿಟಿಷ್ ಉಳಿಯಲಿಲ್ಲ. ಇಂದು ಯಾವ ಸ್ಕಾಟ್ ತನ್ನ ನಾಡನ್ನು ಉತ್ತರ ಬ್ರಿಟನ್ ಎನ್ನುತ್ತಾನೆ?

ಅಪ್ಪ ಕಟ್ಟಿದ ಎಂಜಿನುಗಳು ಇಂಡಿಯಾಕ್ಕೆ ಹೋಗುತ್ತಿದ್ದವು ಎಂಬುದು ಅಜ್ಜಿಗೆ ದೊಡ್ಡ ಅಭಿಮಾನದ ಸಂಗತಿ. ಭಾರದ ಗಾಡಿಗಳ ಮೇಲೆ ಎಂಜಿನನ್ನು ಹೇರಿ, ನಗರದ ಬೀದಿಗಳಲ್ಲಿ ನಿಧಾನವಾಗಿ ಎಳೆದು, ಕ್ಲೈಡ್ ನದಿಯ ದಂಡೆಯ ದೈತ್ಯ ಕ್ರೇನ್‌ನಿಂದ ಹಡಗಿಗೆ ಇಳಿಸುತ್ತಿದ್ದರಂತೆ. ಶಾಲೆ ಬಿಟ್ಟ ಮಕ್ಕಳೆಲ್ಲ ಅದರ ಹಿಂದೆ ಓಡುತ್ತಿದ್ದರಂತೆ. ಆ ಕ್ರೇನ್ ಫಿನ್ನಿಸ್ಟನ್‌ನಲ್ಲಿ ಇಂದಿಗೂ ಇದೆ, ಕೆಲಸವಿಲ್ಲದೆ ನಿಂತಿದೆ. ಕಾರ್ಖಾನೆ 1962ರಲ್ಲಿ ಮುಚ್ಚಿಹೋಯಿತು. ಈ ಕಥೆ ಹೇಳುವಾಗಲೆಲ್ಲ ಅಜ್ಜಿಯ ಬಾಯಲ್ಲಿ ಬ್ರಿಟಿಷ್ ಎಂಬ ಪದ ತಾನಾಗಿ ಬರುತ್ತಿತ್ತು. ಬ್ರಿಟಿಷ್ ಎಂಜಿನ್, ಬ್ರಿಟಿಷ್ ಉಕ್ಕು, ಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿದ್ದ ಚಿಕ್ಕಪ್ಪ, 1948ರಲ್ಲಿ ಶುರುವಾದ ಉಚಿತ ಸರ್ಕಾರಿ ವೈದ್ಯಸೇವೆ. ಅವರ ಪಾಲಿಗೆ ಬ್ರಿಟಿಷ್ ಎಂದರೆ ಧ್ವಜವೂ ಅಲ್ಲ, ರಾಣಿಯೂ ಅಲ್ಲ. ಒಟ್ಟಾಗಿ ದುಡಿದು ಮಾಡಿದ ಕೆಲಸ.

ಆ ಕೆಲಸಗಳು ಒಂದೊಂದಾಗಿ ನಿಂತವು. ಇದನ್ನು ತಿಳಿಯದೆ ಸ್ಕಾಟ್‌ಲೆಂಡಿನ ಈಚಿನ ರಾಜಕಾರಣ ಅರ್ಥವಾಗುವುದಿಲ್ಲ. 1955ರಲ್ಲಿ ಸ್ಕಾಟ್‌ಲೆಂಡಿನ ಅರ್ಧಕ್ಕೂ ತುಸು ಹೆಚ್ಚು ಮತದಾರರು ಒಕ್ಕೂಟವನ್ನೇ ಹೆಸರಿನಲ್ಲಿಟ್ಟುಕೊಂಡ ಯೂನಿಯನಿಸ್ಟ್ ಪಕ್ಷಕ್ಕೆ, ಅಂದರೆ ಕನ್ಸರ್ವೇಟಿವರ ಸ್ಕಾಟಿಷ್ ಅಂಗಕ್ಕೆ ಮತ ಹಾಕಿದ್ದರು. 1989ರಲ್ಲಿ ಲಂಡನ್ನಿನ ಕನ್ಸರ್ವೇಟಿವ್ ಸರ್ಕಾರ ತಲೆಗಂದಾಯವನ್ನು ಇಂಗ್ಲೆಂಡಿಗಿಂತ ಒಂದು ವರ್ಷ ಮೊದಲು ಸ್ಕಾಟ್‌ಲೆಂಡಿನ ಮೇಲೆ ಹೇರಿತು. 1992ರಲ್ಲಿ ರೇವನ್ಸ್‌ಕ್ರೇಗ್‌ನ ಉಕ್ಕಿನ ಕಾರ್ಖಾನೆ ಮುಚ್ಚಿತು. 1997ರಲ್ಲಿ ಕನ್ಸರ್ವೇಟಿವರಿಗೆ ಸ್ಕಾಟ್‌ಲೆಂಡಿನಲ್ಲಿ ಒಂದೂ ಸ್ಥಾನ ಬರಲಿಲ್ಲ. 1999ರಲ್ಲಿ ಎಡಿನ್‌ಬರಾದಲ್ಲಿ ಸಂಸತ್ತು ಮತ್ತೆ ಸೇರಿತು. ಸ್ಕಾಟರು ಏಕಾಏಕಿ ಹೆಚ್ಚು ಸ್ಕಾಟರಾದರು ಎಂದು ನನಗನಿಸುವುದಿಲ್ಲ. ಬ್ರಿಟಿಷ್ ಎಂಬ ಪದಕ್ಕೆ ಅವರ ದಿನನಿತ್ಯದ ಬದುಕಿನಲ್ಲಿದ್ದ ಜಾಗ ಕುಗ್ಗಿತು.

ಕನ್ನಡದವಳಾದ ನನಗೆ ಬಹುಕಾಲ ಬಿಡಿಸಲಾಗದ ಒಗಟೊಂದಿತ್ತು. ಒಂದು ನಾಡು ತಾನು ಬೇರೆ ಎನ್ನಬೇಕಾದರೆ ಮೊದಲು ಒಂದು ನುಡಿ ಬೇಡವೇ? ನಮ್ಮ ಏಕೀಕರಣದ ಕಥೆಯೇ ಅದು. ಇವರೋ ಇಂಗ್ಲಿಷ್ ಮಾತನಾಡುತ್ತಾರೆ. ಗೇಲಿಕ್ ಇದೆ, ಆದರೆ 2022ರ ಜನಗಣತಿಯಲ್ಲಿ ಅದನ್ನು ಅಷ್ಟಿಷ್ಟಾದರೂ ಬಲ್ಲವರು ಶೇ. 2.5. ಸ್ಕಾಟ್ಸ್ ಎಂಬ ಇನ್ನೊಂದು ನುಡಿಯಿದೆ, ಅದನ್ನು ಆಡುವವರಲ್ಲೇ ಹಲವರು ಅದು ನುಡಿಯಲ್ಲ, ಒರಟು ಇಂಗ್ಲಿಷ್ ಅಷ್ಟೇ ಎಂದು ನಂಬಿದ್ದಾರೆ. ಶಾಲೆಯಲ್ಲಿ ಹೌದು ಎನ್ನಲು ‘ಆಯ್’ ಎಂದದ್ದಕ್ಕೆ ಚರ್ಮದ ಪಟ್ಟಿಯಿಂದ ಅಂಗೈಗೆ ಹೊಡೆಸಿಕೊಂಡವರು ಪಾರ್ಟಿಕ್‌ನ ನಮ್ಮ ಅಜ್ಜಿ. ಹೊಡೆದವರು ಇಂಗ್ಲೆಂಡಿನವರಲ್ಲ, ಸ್ಕಾಟಿಷ್ ಟೀಚರ್. ನನಗೆ ಕೇಳಿಯೇ ಕೋಪ ಬಂದಿತ್ತು. ಅಜ್ಜಿ ಮಾತ್ರ, ಸರಿಯಾಗಿ ಮಾತನಾಡಲು ಕಲಿಸಿದರು ಎಂದು ಅದನ್ನು ಒಪ್ಪಿಕೊಂಡಿದ್ದರು.

ನುಡಿಯಲ್ಲದಿದ್ದರೆ ಮತ್ತೇನು? ಉತ್ತರ ಮೆಲ್ಲಗೆ ತಿಳಿಯಿತು. 1707ರಲ್ಲಿ ಸಂಸತ್ತು ಹೋದರೂ ಕಾನೂನು ಉಳಿಯಿತು, ಚರ್ಚ್ ಉಳಿಯಿತು, ಶಾಲೆಗಳ ವ್ಯವಸ್ಥೆ ಬೇರೆಯಾಗಿಯೇ ಉಳಿಯಿತು. ನ್ಯಾಯಾಲಯ, ಪಾದ್ರಿ, ಮೇಷ್ಟ್ರು ಈ ಮೂವರೂ ಲಂಡನ್ನಿನವರಾಗಲಿಲ್ಲ. ಆಮೇಲೆ ಕಾಲ್ಚೆಂಡು ಬಂತು. ಜಗತ್ತಿನ ಮೊದಲ ಅಂತರರಾಷ್ಟ್ರೀಯ ಫುಟ್ಬಾಲ್ ಪಂದ್ಯ 1872ರ ನವೆಂಬರ್ 30ರಂದು ಸ್ಕಾಟ್‌ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ನಡೆದದ್ದು ನಮ್ಮ ಪಾರ್ಟಿಕ್‌ನಲ್ಲಿ, ಅಜ್ಜಿಯ ಮನೆಯಿಂದ ನಡೆದು ಹೋಗುವಷ್ಟು ದೂರದ ಕ್ರಿಕೆಟ್ ಮೈದಾನದಲ್ಲಿ. ಇಬ್ಬರಿಗೂ ಗೋಲು ಬರಲಿಲ್ಲ. ಆ ಮೈದಾನದ ಬೇಲಿಯ ಪಕ್ಕ ಸಂಜೆ ನಡೆಯುವಾಗ, ಒಂದೇ ರಾಜ್ಯದ ಎರಡು ಭಾಗಗಳು ಆಡಿದ್ದನ್ನು ಅಂತರರಾಷ್ಟ್ರೀಯ ಎಂದು ಇವರು ಆಗಲೇ ಕರೆದರಲ್ಲ ಎಂದು ಯೋಚಿಸುತ್ತಿದ್ದೆ. ಅದಕ್ಕೆ ಯಾರೂ ಅಡ್ಡಿ ಹೇಳಿರಲಿಲ್ಲ. ಬ್ರಿಟಿಷ್ ಆಗಿರುವುದೆಂದರೆ ಇಂಗ್ಲಿಷ್ ಆಗುವುದಲ್ಲ ಎಂಬ ಒಪ್ಪಂದ ಇರುವವರೆಗೆ ಎರಡೂ ಒಂದೇ ಮೈಮೇಲೆ ಇರಬಲ್ಲವು.

ಆ ಒಪ್ಪಂದ ಸಡಿಲವಾದ ಕಡೆ ನೋವಾಗುತ್ತದೆ. ಒಮ್ಮೆ ಲಂಡನ್ನಿನ ಒಂದು ಅಂಗಡಿಯಲ್ಲಿ ಕವಿ ರಾಬರ್ಟ್ ಬರ್ನ್ಸ್‌ನ ಮುಖವಿದ್ದ ಹತ್ತು ಪೌಂಡಿನ ನೋಟು ಕೊಟ್ಟೆ. ಸ್ಕಾಟ್‌ಲೆಂಡಿನ ಮೂರು ಬ್ಯಾಂಕುಗಳು ತಮ್ಮದೇ ನೋಟು ಅಚ್ಚು ಹಾಕುತ್ತವೆ, ಅವು ಪೌಂಡುಗಳೇ. ಅಂಗಡಿಯವನು ನೋಟನ್ನು ತಿರುಗಿಸಿ ನೋಡಿ, ಇದು ನಡೆಯುವುದಿಲ್ಲ ಎಂದು ವಾಪಸು ಕೊಟ್ಟ. ನನಗೆ ಮುಖ ಬಿಸಿಯಾಯಿತು. ಇದು ನಿಮ್ಮ ದೇಶದ್ದೇ ಹಣ ಎಂದು ವಾದಿಸಿದೆ. ನಾನು ಯಾರ ಪರವಾಗಿ ವಾದಿಸುತ್ತಿದ್ದೇನೆ ಎಂಬುದು ಹೊರಗೆ ಬಂದ ಮೇಲೆ ಹೊಳೆಯಿತು. ಒಂದು ವರ್ಷದ ಬಾಡಿಗೆಯ ಹೊರತು ಆ ನಾಡಿನೊಡನೆ ನನಗಿದ್ದ ನಂಟೇನು? ಆದರೂ ಹಿಂತಿರುಗಿಸಿದ ಆ ನೋಟು ಅಜ್ಜಿಯದೆಂಬಂತೆ ನೋವಾಗಿತ್ತು.

ನನಗೆ ಮತವಿತ್ತು, ಅವರ ತಂಗಿಗೆ ಇರಲಿಲ್ಲ

2014ರ ಸೆಪ್ಟೆಂಬರ್ 18. ಸ್ಕಾಟ್‌ಲೆಂಡ್ ಸ್ವತಂತ್ರ ದೇಶವಾಗಬೇಕೇ ಎಂಬ ಒಂದೇ ಪ್ರಶ್ನೆಯ ಜನಮತಗಣನೆ. ಅಲ್ಲಿ ವಾಸವಿರುವ ಕಾಮನ್ವೆಲ್ತ್ ದೇಶಗಳ ಪ್ರಜೆಗಳಿಗೂ ಮತದ ಹಕ್ಕಿತ್ತು, ಹದಿನಾರು ವರ್ಷ ತುಂಬಿದ ಮಕ್ಕಳಿಗೂ ಇತ್ತು. ಭಾರತದ ಪಾಸ್‌ಪೋರ್ಟ್ ಹಿಡಿದು ಎರಡು ವರ್ಷದ ಹಿಂದೆ ಬಂದ ನಾನು ಆ ನಾಡಿನ ಹಣೆಬರಹ ಬರೆಯುವವರಲ್ಲಿ ಒಬ್ಬಳಾದೆ. ಅಜ್ಜಿಯ ತಂಗಿ 1960ರ ದಶಕದಲ್ಲಿ ಗಂಡನೊಡನೆ ಇಂಗ್ಲೆಂಡಿನ ಕಾರ್ಬಿ ಪಟ್ಟಣದ ಉಕ್ಕಿನ ಕಾರ್ಖಾನೆಗೆ ದುಡಿಯಲು ಹೋದವರು. ಅಲ್ಲಿಗೆ ಎಷ್ಟೊಂದು ಸ್ಕಾಟರು ಹೋಗಿ ನೆಲೆಸಿದ್ದರೆಂದರೆ ಆ ಊರಿಗೆ ಪುಟ್ಟ ಸ್ಕಾಟ್‌ಲೆಂಡ್ ಎಂಬ ಅಡ್ಡಹೆಸರಿದೆ. ಅರ್ಧ ಶತಮಾನ ಅಲ್ಲಿದ್ದರೂ ಅವರ ಮಾತಿನಲ್ಲಿ ಗ್ಲಾಸ್ಗೋ ಹಾಗೆಯೇ ಇತ್ತು. ಅವರಿಗೆ ಮತವಿರಲಿಲ್ಲ.

ಇದನ್ನು ನಾನು ಎರಡೂ ಬದಿಯಿಂದ ನೋಡಿದ್ದೇನೆ. ಇಲ್ಲಿ ಬಾಳುವವರೇ ಇಲ್ಲಿಯವರು, ರಕ್ತ ಕೇಳುವುದಿಲ್ಲ, ಹುಟ್ಟೂರು ಕೇಳುವುದಿಲ್ಲ ಎಂಬ ಆ ನಿಲುವು ನನ್ನನ್ನು ಒಳಗೆ ಕರೆದುಕೊಂಡಿತು. ಅದಕ್ಕೆ ನಾನು ಇಂದಿಗೂ ಕೃತಜ್ಞಳು. ಗ್ಲಾಸ್ಗೋದಲ್ಲಿ ಹುಟ್ಟಿ ಬೆಳೆದ ಪಂಜಾಬಿ ಗೆಳತಿಯರು ತಾವು ಸ್ಕಾಟಿಷ್ ಎಂದು ತಡವರಿಸದೆ ಹೇಳುತ್ತಾರೆ. ಲಂಡನ್ನಿನಲ್ಲಿ ಅಂಥವರೇ ಬ್ರಿಟಿಷ್ ಎನ್ನುತ್ತಾರೆ, ಇಂಗ್ಲಿಷ್ ಎನ್ನುವುದು ಕಡಿಮೆ. ಮುಂದೆ 2023ರಲ್ಲಿ, ಪಾಕಿಸ್ತಾನದಿಂದ ಬಂದ ಕುಟುಂಬದ ಹಮ್ಜಾ ಯೂಸಫ್ ಸ್ಕಾಟ್‌ಲೆಂಡಿನ ಸರ್ಕಾರದ ಮುಖ್ಯಸ್ಥರಾಗಿ ಸ್ವಾತಂತ್ರ್ಯ ಬೇಕೆಂದಾಗ, ಭಾರತೀಯ ಮೂಲದ ರಿಷಿ ಸುನಕ್ ಲಂಡನ್ನಿನಲ್ಲಿ ಕುಳಿತು ಒಕ್ಕೂಟ ಉಳಿಯಬೇಕೆಂದರು. ಆದರೆ ಕಾರ್ಬಿಯಲ್ಲಿದ್ದ ಅಜ್ಜಿಯ ತಂಗಿ ಫೋನಿನಲ್ಲಿ ಅತ್ತದ್ದನ್ನೂ ನಾನು ಕೇಳಿದ್ದೇನೆ. ‘ನನ್ನ ಊರು ಬೇರೆ ದೇಶವಾಗಬೇಕೇ ಎಂದು ಎಲ್ಲರನ್ನೂ ಕೇಳುತ್ತಾರೆ, ನನ್ನನ್ನು ಕೇಳುವುದಿಲ್ಲ’ ಎಂದಿದ್ದರಂತೆ. ನನ್ನ ಹಕ್ಕು ಅವರಿಂದ ಕಿತ್ತುಕೊಂಡದ್ದಲ್ಲ. ಆದರೂ ಆ ಸಂಜೆ ಅಡುಗೆಮನೆಯಲ್ಲಿ ಅಜ್ಜಿಯ ಎದುರು ಕೂರಲು ನನಗೆ ಕಷ್ಟವಾಯಿತು.

ಅಜ್ಜಿ ಹೌದು ಎಂದು ಮತ ಹಾಕುತ್ತಾರೆಂದೇ ನಾನು ಎಣಿಸಿದ್ದೆ. ಇಂಗ್ಲಿಷ್ ಎಂಬ ಒಂದು ಪದವನ್ನು ಗೊತ್ತಿಲ್ಲದ ಭಾಷೆಯ ನಡುವಿನಿಂದಲೂ ಹೆಕ್ಕಿ ತೆಗೆದವರು ಅವರು. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಮತಗಟ್ಟೆಗೆ ನಡೆದೆವು, ಮಂಜು ಮುಸುಕಿತ್ತು. ದಾರಿಯ ಕಿಟಕಿಗಳಲ್ಲೆಲ್ಲ ಹೌದು, ಬೇಡ ಎಂಬ ಚೀಟಿಗಳು. ವಾಪಸು ಬರುವಾಗ ಅವರಾಗಿಯೇ ಹೇಳಿದರು, ‘ಬೇಡ ಎಂದು ಹಾಕಿದೆ.’ ತಂಗಿ ಅಲ್ಲಿದ್ದಾಳೆ, ಅವಳನ್ನು ನೋಡಲು ನಾನು ವಿದೇಶಕ್ಕೆ ಹೋಗುವುದಿಲ್ಲ ಎಂದರು. ಸ್ವಲ್ಪ ದೂರ ನಡೆದು, ‘ಅದಕ್ಕಾಗಿ ನಾನೇನು ಕಡಿಮೆ ಸ್ಕಾಟ್ ಆಗುವುದಿಲ್ಲ’ ಎಂದರು. ನಾನು ಹೌದು ಎಂದು ಹಾಕಿದ್ದೆ. ಅದನ್ನು ಹೇಳಿದೆ. ಅವರು ತಲೆಯಾಡಿಸಿ ನನ್ನ ತೋಳು ಹಿಡಿದುಕೊಂಡೇ ನಡೆದರು. ಮರುದಿನ ಫಲಿತಾಂಶ ಬಂತು: ಬೇಡ ಎಂದವರು ಶೇ. 55.3, ಹೌದು ಎಂದವರು ಶೇ. 44.7. ಆದರೆ ಗ್ಲಾಸ್ಗೋದಲ್ಲಿ ಹೌದು ಎಂಬುದೇ ಗೆದ್ದಿತ್ತು. ಗೆದ್ದ ಅಜ್ಜಿ ತಮ್ಮ ನಗರದಲ್ಲಿ ಸೋತಿದ್ದರು, ಸೋತ ನಾನು ಅವರ ನಗರದಲ್ಲಿ ಗೆದ್ದಿದ್ದೆ.

ನಾನೇಕೆ ಹೌದು ಎಂದೆ? ಇದನ್ನು ಪ್ರಾಮಾಣಿಕವಾಗಿ ಹೇಳಬೇಕು. ನಾನು ಸ್ಕಾಟ್‌ಲೆಂಡಿನ ಹಣಕಾಸನ್ನಾಗಲಿ, ಉತ್ತರ ಸಮುದ್ರದ ತೈಲದ ಲೆಕ್ಕವನ್ನಾಗಲಿ ಕುಳಿತು ಓದಿರಲಿಲ್ಲ. ಲಂಡನ್ನಿನಿಂದ ಬಿಡುಗಡೆ ಎಂಬ ಮಾತು ಕೇಳಿದ ಕೂಡಲೇ ನನ್ನೊಳಗೆ 1947 ಎದ್ದು ನಿಂತಿತ್ತು. ನಮ್ಮ ಹಾಗೆಯೇ ಇವರೂ ಇಂಗ್ಲಿಷರ ಕೈಯಲ್ಲಿ ಸಿಕ್ಕವರು ಎಂದುಕೊಂಡೆ. 1746ರಲ್ಲಿ ಕಲೋಡನ್ ಯುದ್ಧದಲ್ಲಿ ದಂಗೆ ಎದ್ದ ಹೈಲ್ಯಾಂಡಿನವರನ್ನು ಸದೆಬಡಿದು, ಅವರ ಉಡುಪನ್ನೇ ನಿಷೇಧಿಸಿದ್ದನ್ನು ಓದಿದ್ದೆ. ಆ ನಿಷೇಧದಿಂದ ರಾಜನ ಸೇನೆಯ ಹೈಲ್ಯಾಂಡ್ ಪಡೆಗಳಿಗೆ ವಿನಾಯಿತಿ ಇತ್ತು ಎಂಬ ಸಾಲನ್ನೂ ಓದಿದ್ದೆ, ಆದರೆ ದಾಟಿಹೋಗಿದ್ದೆ. ದಂಗೆಕೋರರ ಉಡುಗೆ ಸಾಮ್ರಾಜ್ಯದ ಸೈನಿಕರ ಉಡುಗೆಯಾಗಿ ಉಳಿದುಕೊಂಡಿತು ಎಂಬುದರಲ್ಲಿ ಅರ್ಧ ಕಥೆಯಿತ್ತು.

ಚಿತ್ರದ ಎದುರು

ಆ ಚಳಿಗಾಲದಲ್ಲಿ ಎಡಿನ್‌ಬರಾದಲ್ಲಿ ಡೇವಿಡ್ ವಿಲ್ಕಿಯ ದೊಡ್ಡ ಚಿತ್ರವನ್ನು ನೋಡಿದೆ. ವಿಲ್ಕಿಯೂ ಸ್ಕಾಟ್, ಫೈಫ್ ಪ್ರಾಂತದವನು. ಶ್ರೀರಂಗಪಟ್ಟಣ ಬಿದ್ದ ರಾತ್ರಿ ಬೇರ್ಡ್ ಟಿಪ್ಪುವಿನ ಶವವನ್ನು ಕಂಡ ಗಳಿಗೆಯನ್ನು 1839ರಲ್ಲಿ ಮುಗಿಸಿದ ಈ ಚಿತ್ರ ತೋರಿಸುತ್ತದೆ. ಬೇರ್ಡ್ ಎತ್ತರದಲ್ಲಿ ನಿಂತಿದ್ದಾನೆ, ಕೆಳಗೆ ದೀಪದ ಬೆಳಕಿನಲ್ಲಿ ಟಿಪ್ಪು ಬಿದ್ದಿದ್ದಾನೆ. ಬೇರ್ಡ್‌ನ ಕಾಲಡಿಯಲ್ಲಿ ಒಂದು ಕಂಬಿಗಳ ಕಿಂಡಿಯಿದೆ, ಅವನು ಸೆರೆಯಿದ್ದ ನೆಲಮಾಳಿಗೆಯ ಗುರುತು ಅದು. ಆ ಕಿಂಡಿಯನ್ನು ನೋಡುತ್ತ ನನ್ನ ಕೈಗಳಿಗೆ ಕಲ್ಲಿನ ಹಲಗೆಯ ತಂಪು ನೆನಪಾಯಿತು. ನನ್ನ ಊರಿನಿಂದ ಕೆಲವೇ ಮೈಲಿ ದೂರದ ಜಾಗ, ಐದು ಸಾವಿರ ಮೈಲಿಯಾಚೆ, ಬಂಗಾರದ ಚೌಕಟ್ಟಿನಲ್ಲಿ. ಇಂಗ್ಲೆಂಡಿನ ವಿಜಯವೆಂದಲ್ಲ, ಸ್ಕಾಟ್‌ಲೆಂಡಿನ ಒಬ್ಬ ಮಗ ಮಾಡಿದ ಸಾಹಸವೆಂದು.

ಅಲ್ಲಿಯವರೆಗೆ ನಾನು ಎರಡು ಸಲ ತಪ್ಪಿದ್ದೆ. ಮೊದಲು ಅವರೆಲ್ಲರನ್ನೂ ಇಂಗ್ಲಿಷರೆಂದು ಕರೆದು ಅವರಿಗಿದ್ದ ನಾಡನ್ನು ಅಳಿಸಿದ್ದೆ. ಆಮೇಲೆ ಅವರನ್ನು ನಮ್ಮಂತೆಯೇ ಆಳಿಸಿಕೊಂಡವರೆಂದು ಭಾವಿಸಿ ಅವರು ನಮ್ಮಲ್ಲಿ ಮಾಡಿದ್ದನ್ನು ಅಳಿಸಿದ್ದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡ ತಪ್ಪು ಎಂದು ಈಗ ಅನಿಸುತ್ತದೆ, ಏಕೆಂದರೆ ಅದು ಪ್ರೀತಿಯಿಂದ ಮಾಡಿದ್ದು. ಹೊರಗಿನಿಂದ ಬಂದವರು ಸ್ಕಾಟ್‌ಲೆಂಡನ್ನು ಪ್ರೀತಿಸುವಾಗ ಬಹುಪಾಲು ಹೀಗೇ ಪ್ರೀತಿಸುತ್ತಾರೆ, ಬೆಟ್ಟ, ಬ್ಯಾಗ್‌ಪೈಪ್, ಸೋತ ರಾಜಕುಮಾರ, ದೊಡ್ಡಣ್ಣನ ಕೆಳಗೆ ನೊಂದ ತಮ್ಮ. ಸ್ಕಾಟರಲ್ಲೂ ಕೆಲವರಿಗೆ ಈ ಚಿತ್ರ ಹಿತವಾಗಿದೆ. ಬ್ರಿಟಿಷ್ ಎಂಬ ಅಂಗಿಯನ್ನು ಕಳಚಿದರೆ ಅದರ ಜೇಬಿನಲ್ಲಿದ್ದ ಸಾಮ್ರಾಜ್ಯದ ಲೆಕ್ಕಪತ್ರವೂ ಹೋಯಿತು ಎಂದು ಅವರು ಭಾವಿಸುತ್ತಾರೆ. ನಾನು ಇದನ್ನು ಒಪ್ಪಲಾರೆ. 1707ರ ಒಪ್ಪಂದ ಸ್ಕಾಟರಿಗೆ ಇಂಗ್ಲೆಂಡಿನ ವಸಾಹತುಗಳ ವ್ಯಾಪಾರವನ್ನು ತೆರೆದುಕೊಟ್ಟಿತು, ಅವರು ಆ ಬಾಗಿಲಿನಲ್ಲಿ ಹಿಂಜರಿಯದೆ ನುಗ್ಗಿದರು. ಮನ್ರೋನ ತಂದೆಯ ವರ್ಜೀನಿಯಾ ವ್ಯಾಪಾರದ ಹಿಂದೆ ಗುಲಾಮರ ದುಡಿಮೆಯಿತ್ತು.

ಇದನ್ನು ಎದುರಿಸುತ್ತಿರುವವರೂ ಸ್ಕಾಟರೇ ಎಂಬುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಸಂಸತ್ತು ಮರಳಿ ಸೇರಿದ 1999ರಲ್ಲಿಯೇ, ಶ್ರೀರಂಗಪಟ್ಟಣದ ಪತನಕ್ಕೆ ಇನ್ನೂರು ವರ್ಷ ತುಂಬಿದಾಗ, ಟಿಪ್ಪು ಮತ್ತು ಸ್ಕಾಟರ ಕುರಿತು ಎಡಿನ್‌ಬರಾದಲ್ಲಿ ದೊಡ್ಡ ಪ್ರದರ್ಶನ ನಡೆದಿತ್ತು. ಗ್ಲಾಸ್ಗೋ ವಿಶ್ವವಿದ್ಯಾಲಯ ಗುಲಾಮಗಿರಿಯಿಂದ ತನಗೆ ಬಂದ ಹಣವನ್ನು ತಾನೇ ಲೆಕ್ಕ ಹಾಕಿಸಿ 2018ರಲ್ಲಿ ಪ್ರಕಟಿಸಿತು. 2022ರಲ್ಲಿ ನಗರಸಭೆ ಕ್ಷಮೆ ಕೇಳಿತು. ಅದೇ ವರ್ಷದ ಆಗಸ್ಟ್‌ನಲ್ಲಿ, ಅಜ್ಜಿಯ ಮನೆಗೆ ಹತ್ತಿರದ ಕೆಲ್ವಿನ್‌ಗ್ರೋವ್ ವಸ್ತುಸಂಗ್ರಹಾಲಯದಲ್ಲಿ, ಭಾರತದಿಂದ ಬಂದ ಏಳು ವಸ್ತುಗಳನ್ನು ಹಿಂದಿರುಗಿಸುವ ಒಪ್ಪಂದಕ್ಕೆ ಸಹಿಯಾಯಿತು. ಅವುಗಳಲ್ಲಿ ಹೆಚ್ಚಿನವು ಉತ್ತರ ಭಾರತದ ಗುಡಿಗಳಿಂದ ತೆಗೆದುಕೊಂಡು ಹೋದವು. ಇದು ನಮ್ಮದಲ್ಲ, ಇಂಗ್ಲಿಷರು ಮಾಡಿದ್ದು ಎಂದು ಗ್ಲಾಸ್ಗೋ ಅಂದು ಹೇಳಲಿಲ್ಲ. ನಾವು ಎಂದಿತು.

ನಾನು ಆ ಹೊತ್ತಿಗೆ ಮೈಸೂರಿಗೆ ಮರಳಿ ಬಂದಿದ್ದೆ. ಅಜ್ಜಿ ತಿಂಗಳಿಗೊಮ್ಮೆ ಫೋನ್ ಮಾಡುತ್ತಾರೆ. ಅದೇ ವರ್ಷ ಸ್ಕಾಟ್‌ಲೆಂಡಿನಲ್ಲಿ ಜನಗಣತಿಯೂ ನಡೆದಿತ್ತು. ನಿಮ್ಮ ರಾಷ್ಟ್ರೀಯತೆ ಏನೆಂದು ಭಾವಿಸುತ್ತೀರಿ ಎಂದು ಅದರಲ್ಲಿ ಕೇಳುತ್ತಾರೆ, ಒಂದಕ್ಕಿಂತ ಹೆಚ್ಚು ಚೌಕಗಳಿಗೆ ಗುರುತು ಹಾಕಬಹುದು. ಫಲಿತಾಂಶ ಬಂದಾಗ ಸ್ಕಾಟಿಷ್ ಮಾತ್ರ ಎಂದವರು ಶೇ. 62.4ರಿಂದ 65.5ಕ್ಕೆ ಏರಿದ್ದರು. ಬ್ರಿಟಿಷ್ ಮಾತ್ರ ಎಂದವರೂ ಶೇ. 8.4ರಿಂದ 13.9ಕ್ಕೆ ಏರಿದ್ದರು. ಎರಡೂ ಎಂದವರು ಶೇ. 18.3ರಿಂದ 8.2ಕ್ಕೆ ಕುಸಿದಿದ್ದರು. ಎರಡನ್ನೂ ಹೊತ್ತು ನಡೆಯುವವರು 2011ರ ಜನಗಣತಿಯಿಂದ ಹನ್ನೊಂದು ವರ್ಷದಲ್ಲಿ ಅರ್ಧಕ್ಕೂ ಕಡಿಮೆಯಾದರಲ್ಲ ಎಂದು ನನಗೆ ದುಃಖವಾಯಿತು, ಹೌದು ಎಂದು ಮತ ಹಾಕಿದ ನನಗೇ. ಅಜ್ಜಿಯನ್ನು ಕೇಳಿದೆ. ‘ಎರಡಕ್ಕೂ ಹಾಕಿದೆ, ಹೆನ್. ಮೊದಲು ಸ್ಕಾಟಿಷ್. ಆಮೇಲೆ ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು’ ಎಂದರು.

ಹತ್ತು ವರ್ಷಕ್ಕೂ ಹೆಚ್ಚು ಕಾಲ ನನ್ನೊಳಗಿದ್ದ ಪ್ರಶ್ನೆಯನ್ನು ಅಂದು ಕೇಳಿಯೇಬಿಟ್ಟೆ. ನಾವು ಇಂಡಿಯಾದಲ್ಲಿದ್ದೆವು ಎಂದು ಒಮ್ಮೆ ಹೇಳಿದ್ದಿರಲ್ಲ, ಆ ನಾವು ಯಾರು? ಅವರಿಗೆ ನೆನಪಿರಲಿಲ್ಲ. ‘ಹಾಗೆ ಹೇಳಿದ್ದೆನೇ?’ ಎಂದು ಸುಮ್ಮನಾದರು. ನೀರು ಕುದಿಯುವ ಸದ್ದು ಕೇಳಿಸುತ್ತಿತ್ತು. ಆಮೇಲೆ, ಅಪ್ಪ ಮಾಡಿದ ಎಂಜಿನುಗಳು ಅಲ್ಲಿ ಇನ್ನೂ ಓಡುತ್ತಿವೆಯೇ ಎಂದು ಕೇಳಿದರು. ಉಗಿಬಂಡಿಗಳು ನಿಂತು ಬಹಳ ವರ್ಷವಾಯಿತು, ಕೆಲವನ್ನು ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ ಎಂದೆ.

‘ಚೆನ್ನಾಗಿ ಮಾಡುತ್ತಿದ್ದೆವು ನಾವು’ ಎಂದರು.

ಈ ನಾವು ಯಾರೆಂದು ನಾನು ಕೇಳಲಿಲ್ಲ.